ಬೈನಾಕ್ಯುಲರ್ರೋ, ಟೆಲಿಸ್ಕೋಪೋ, ಕ್ಯಾಮೆರಾನೋ: ಕೈಯಲ್ಲಿ ಮೂವತ್ತು ಸಾವಿರ ಇದ್ದರೆ ಮೊದಲು ಯಾವುದು?

ಚಿಕ್ಕಮ್ಮನ ಮಗ ಏಪ್ರಿಲ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಒಂದು ಟೆಲಿಸ್ಕೋಪು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "525 ಪಟ್ಟು", ಹಿಂದೆ ಹಬಲ್ ತೆಗೆದ ನೀಹಾರಿಕೆಯ ಚಿತ್ರ. ಕೆಳಗೆ ಅವನ ಪ್ರಶ್ನೆ: "ಅಕ್ಕಾ, ಇದು ತಗೊಂಡ್ರೆ ಹೀಗೇ ಕಾಣುತ್ತಾ?"

ಕಾಣಲ್ಲ ಕಣೋ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಎಂಟನೇ ಕ್ಲಾಸಿನಲ್ಲಿ ನಾನೂ ಇಂಥದ್ದೇ ಒಂದನ್ನು ಅಪ್ಪನ ಹತ್ತಿರ ಹಟ ಹಿಡಿದು ತರಿಸಿಕೊಂಡಿದ್ದೆ. ಟ್ಯೂಬು ನೋಡಿದರೆ ಅರ್ಧ ಮೀಟರ್ ಉದ್ದ. ಮೇಲೆ ಬರೆದಿದ್ದ ಫೋಕಲ್ ಲೆಂತ್, ಅಂದರೆ ಬೆಳಕು ಒಂದು ಬಿಂದುವಿಗೆ ಬಂದು ಸೇರಲು ಬೇಕಾದ ದೂರ, 1000 ಮಿಲಿಮೀಟರ್. ಅರ್ಧ ಮೀಟರ್ ಕೊಳವೆಯೊಳಗೆ ಒಂದು ಮೀಟರ್ ಹೇಗೆ ಕೂತಿತು ಅಂತ ಕೇಳುವ ಬುದ್ಧಿ ಆಗ ಇರಲಿಲ್ಲ. ಫೋಕಸರ್ ಒಳಗೆ ಒಂದು ಅಗ್ಗದ ಲೆನ್ಸ್ ತುರುಕಿ ಫೋಕಲ್ ಲೆಂತನ್ನು ಎಳೆದಿರುತ್ತಾರೆ ಅನ್ನುವುದು ಎಷ್ಟೋ ದಿನದ ಮೇಲೆ ಗೊತ್ತಾಯಿತು. ಸ್ಟ್ಯಾಂಡಿಗೆ ಬೆರಳು ತಾಗಿದರೆ ಸಾಕು, ಐದು ಸೆಕೆಂಡು ನಡುಗುತ್ತಿತ್ತು. ಗುರು ಗ್ರಹ ಹಾಲಿನಲ್ಲಿ ಮುಳುಗಿದ ಬಲ್ಬಿನ ಹಾಗೆ ಕಾಣುತ್ತಿತ್ತು. ಮೂರು ತಿಂಗಳಿಗೆ ಟ್ಯೂಬು ಅಟ್ಟ ಸೇರಿತು. ಟ್ರೈಪಾಡು ಮಾತ್ರ ದಂಡವಾಗಲಿಲ್ಲ. ಅಮ್ಮ ಸಂಡಿಗೆ ಒಣಹಾಕುವಾಗ ಕಾಗೆ ಬರದಿರಲಿ ಅಂತ ಅದಕ್ಕೆ ಕಪ್ಪು ಬಟ್ಟೆ ಕಟ್ಟಿ ನಿಲ್ಲಿಸುತ್ತಾರೆ.

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನನಗೀಗ 22. ತುಮಕೂರಿನ ನಮ್ಮ ಮನೆ ತಾರಸಿಯೇ ನನ್ನ ಅಬ್ಸರ್ವೇಟರಿ. ಬೆಲೆಗಳನ್ನು ಅಂದಾಜಿಗೆ ಹೇಳಿದ್ದೇನೆ. ಅಂಗಡಿ, ಡಾಲರ್, ಹಬ್ಬದ ಸೇಲ್ ನೋಡಿಕೊಂಡು ಅವು ಮೇಲೆ ಕೆಳಗೆ ಆಗುತ್ತವೆ.

ಮೊದಲು ಇದನ್ನು ತೀರ್ಮಾನ ಮಾಡಿ: ನೋಡಬೇಕಾ, ಫೋಟೋ ತೆಗೆಯಬೇಕಾ?

ಎರಡೂ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೆ. ಆದರೆ ಇವು ಎರಡು ಬೇರೆ ಬೇರೆ ಹುಚ್ಚು. ಸಾಮಾನೂ ಬೇರೆ.

ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಬಂದಷ್ಟನ್ನು ಆ ಕ್ಷಣಕ್ಕೆ ತೋರಿಸಿ ಮರೆತುಬಿಡುತ್ತದೆ. ಹಾಗಾಗಿ ಕಣ್ಣಿಗೆ ಜಾಸ್ತಿ ಕಾಣಬೇಕು ಅಂದರೆ ಬೆಳಕು ಹಿಡಿಯುವ ಬಾಯಿ, ಅಂದರೆ ಅಪರ್ಚರ್, ದೊಡ್ಡದಿರಬೇಕು. ಕ್ಯಾಮೆರಾ ಹಾಗಲ್ಲ. ಅದು ಹನಿ ಹನಿಯಾಗಿ ಕೂಡಿಡುತ್ತದೆ. ನಾಲ್ಕು ಸೆಕೆಂಡಿನ 250 ಫೋಟೋ ಸೇರಿಸಿದರೆ 1000 ಸೆಕೆಂಡಿನ ಬೆಳಕು ಕೈಯಲ್ಲಿರುತ್ತದೆ. ಅದಕ್ಕೆ ಅಂಗೈಯಗಲದ ಲೆನ್ಸೂ ಬೇಡ. ಬೇಕಾಗಿರುವುದು ಅಲ್ಲಾಡದ ಸ್ಟ್ಯಾಂಡು, ಆಮೇಲೆ ಭೂಮಿ ತಿರುಗುವುದನ್ನು ಸರಿದೂಗಿಸುವ ಉಪಾಯ.

ಆಂಡ್ರೊಮಿಡಾ ಗೆಲಾಕ್ಸಿಯನ್ನೇ ತೆಗೆದುಕೊಳ್ಳಿ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. 6 ಇಂಚು ಅಗಲದ ಕನ್ನಡಿ ಇರುವ ನನ್ನ ಟೆಲಿಸ್ಕೋಪಿನಲ್ಲಿ ಅದು ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ ಬೂದು ಮಸುಕು, ಅಷ್ಟೇ. ಅದೇ ಗೆಲಾಕ್ಸಿಯ ಧೂಳಿನ ಪಟ್ಟಿ ಐದಾರು ಸಾವಿರಕ್ಕೆ ಸಿಕ್ಕ ಹಳೇ 50 ಮಿ.ಮೀ. ಲೆನ್ಸಿನ ಫೋಟೋದಲ್ಲಿ ತೆಳ್ಳಗೆ ಬಂದಿದೆ. ಹಾಗಂತ ಫೋಟೋವೇ ಮೇಲು ಅಂದುಕೊಳ್ಳಬೇಡಿ. ಶನಿಯ ಬಳೆಯನ್ನು ಕಣ್ಣಾರೆ ನೋಡಿದ ದಿನ ಮೈ ಜುಂ ಅಂದಿತ್ತು. ನನ್ನ ಯಾವ ಫೋಟೋವೂ ಹಾಗೆ ಮಾಡಿಲ್ಲ.

ತಮ್ಮನನ್ನು ಹೀಗೆ ಕೇಳಿದೆ: "ರಾತ್ರಿ ಹನ್ನೊಂದು ಗಂಟೆ. ತಾರಸಿ ಮೇಲೆ ಒಬ್ನೇ ಇದ್ದೀಯ. ಕಣ್ಣಿಟ್ಟು ಹುಡುಕ್ತಾ ಇರೋದು ಇಷ್ಟವೋ, ಬಟನ್ ಒತ್ತಿ ಕೂತು ನಾಳೆ ಕಂಪ್ಯೂಟರ್ ಮುಂದೆ ನಾಲ್ಕು ಗಂಟೆ ಕೆಲಸ ಮಾಡೋದು ಇಷ್ಟವೋ?" ಅವನು ಯೋಚನೆ ಮಾಡಿ ಮರುದಿನ ಹೇಳುತ್ತೇನೆ ಅಂದ. ನೀವೂ ಒಂದು ದಿನ ತೆಗೆದುಕೊಳ್ಳಿ, ಏನೂ ಅವಸರ ಇಲ್ಲ.

ಬೈನಾಕ್ಯುಲರ್ ಅಂದರೆ ಮೂಗು ಮುರಿಯಬೇಡಿ

"ಅಷ್ಟೇನಾ?" ಅಂತ ಅವನೂ ಅಂದ. ಬೈನಾಕ್ಯುಲರ್ ಹಕ್ಕಿ ನೋಡುವವರ ಸಾಮಾನು ಅನ್ನುವ ಭಾವನೆ ಇದೆ, ಅಲ್ವಾ?

10x50 ಅಂದರೆ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 50 ಮಿ.ಮೀ. ಅಗಲ. ಕತ್ತಲಲ್ಲಿ ಎಳೆಯ ವಯಸ್ಸಿನವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ. ಲೆಕ್ಕ ಹಾಕಿದರೆ ಬರೀ ಕಣ್ಣಿಗಿಂತ ಸುಮಾರು 50 ಪಟ್ಟು ಬೆಳಕು. ಬೆಲೆ ಆರರಿಂದ ಹತ್ತು ಸಾವಿರ. 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರರು ಇದರಲ್ಲಿ ಕಾಣುತ್ತಾರೆ, ಮೊಣಕೈಯನ್ನು ತಾರಸಿಯ ಗೋಡೆಗೆ ಒತ್ತಿ ನಿಂತರೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಕೆಲವು ವಸ್ತುಗಳಿಗೆ ಟೆಲಿಸ್ಕೋಪಿಗಿಂತ ಬೈನಾಕ್ಯುಲರ್ರೇ ಸರಿ. ನನ್ನ ಟೆಲಿಸ್ಕೋಪಿನಲ್ಲಿ ಅತಿ ಕಡಿಮೆ ಅಂದರೆ 48 ಪಟ್ಟು, ಆಗ ಕಾಣುವ ಆಕಾಶದ ತುಂಡು ಒಂದು ಡಿಗ್ರಿಯ ಸುಮಾರು. ಕೃತ್ತಿಕೆ ಅದರೊಳಗೆ ಪೂರ್ತಿ ಹಿಡಿಯುವುದೇ ಇಲ್ಲ. ಬೈನಾಕ್ಯುಲರ್‌ನಲ್ಲಿ ಆರು ಡಿಗ್ರಿಗೂ ಜಾಸ್ತಿ ಕಾಣುತ್ತದೆ. ಇಡೀ ಗೊಂಚಲು ಮಧ್ಯದಲ್ಲಿ ಕೂತು ಸುತ್ತ ಕತ್ತಲೂ ಉಳಿಯುತ್ತದೆ.

ಒಂದು ಡಿಸೆಂಬರ್ ರಾತ್ರಿ ಅಜ್ಜಿಯನ್ನು ಕೈಹಿಡಿದು ಮೇಲೆ ಕರೆದುಕೊಂಡು ಹೋಗಿ ಕೃತ್ತಿಕೆ ತೋರಿಸಿದೆ. ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಬೈನಾಕ್ಯುಲರ್ ಹಿಡಿದರು. ಐಪೀಸಿನ, ಅಂದರೆ ಕಣ್ಣಿಡುವ ಗಾಜಿನ, ರಬ್ಬರ್ ಮಡಚಿ ಕೊಟ್ಟೆ, ಕನ್ನಡಕ ಹಾಕುವವರಿಗೆ ಹಾಗೆ ಮಾಡಬೇಕು. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಆರು ಅಂತ ಎಣಿಸ್ತಿದ್ವಿ ಕಣೆ. ಇದೇನೇ ಇದು, ಮೊರದಿಂದ ನುಚ್ಚು ಚೆಲ್ಲಿದ ಹಾಗಿದೆ" ಅಂದರು. ಅದಾದ ಮೇಲೆ ಟೆಲಿಸ್ಕೋಪಿಗಿಂತ ಬೈನಾಕ್ಯುಲರ್ರೇ ಅವರಿಗೆ ಪ್ರೀತಿ. ಟೆಲಿಸ್ಕೋಪಿನಲ್ಲಿ ಒಂದು ಕಣ್ಣು ಮುಚ್ಚಬೇಕಲ್ಲ, ಅದು ಅವರಿಗೆ ಆಗದು.

ಕೊಳ್ಳುವಾಗ ಎರಡೇ ಎಚ್ಚರಿಕೆ. "10-30 ಝೂಮ್" ಅಂತ ಬರೆದಿದ್ದನ್ನು ಮುಟ್ಟಬೇಡಿ. 20x80ರ ಆಸೆಯನ್ನೂ ಈಗ ಬಿಡಿ, ಅದಕ್ಕೆ ಗಟ್ಟಿ ಟ್ರೈಪಾಡು ಬೇಕೇ ಬೇಕು, ಕೈಯಲ್ಲಿ ಹಿಡಿದರೆ ನಕ್ಷತ್ರಗಳು ಕುಣಿಯುತ್ತವೆ.

ಟೆಲಿಸ್ಕೋಪೇ ಬೇಕು ಅಂದರೆ

ಮೂರು ಜಾತಿ ನಿಮ್ಮ ಕಣ್ಣಿಗೆ ಬೀಳುತ್ತವೆ. ಹತ್ತು ಹನ್ನೆರಡು ಸಾವಿರದ 70 ಮಿ.ಮೀ. ಲೆನ್ಸ್ ಟೆಲಿಸ್ಕೋಪು. ಅದೇ ಬೆಲೆಗೋ ಸ್ವಲ್ಪ ಜಾಸ್ತಿಗೋ ಸಿಗುವ, ತೂಕದ ಕಲ್ಲು ನೇತಾಡುವ, ಭೂಮಿಯ ಅಕ್ಷಕ್ಕೆ ಸಮನಾಗಿ ಓರೆಯಾಗಿ ತಿರುಗುವ ಇಕ್ವಿಟೋರಿಯಲ್ ಸ್ಟ್ಯಾಂಡಿನ ಕನ್ನಡಿ ಟೆಲಿಸ್ಕೋಪು. ಆಮೇಲೆ ಡಾಬ್ಸೋನಿಯನ್.

ಮಧ್ಯದ್ದನ್ನು ಮೊದಲು ಪಕ್ಕಕ್ಕಿಡಿ. ನೋಡಲು ಅದೇ ನಿಜವಾದ ವಿಜ್ಞಾನಿಯ ಸಾಮಾನಿನ ಹಾಗೆ ಕಾಣುತ್ತದೆ, ಜನ ಮೋಸ ಹೋಗುವುದೂ ಅಲ್ಲೇ. ಅಗ್ಗದ ಇಕ್ವಿಟೋರಿಯಲ್ ಸ್ಟ್ಯಾಂಡು ಫೋಟೋಗೆ ಬೇಕಾದಷ್ಟು ಗಟ್ಟಿ ಇರುವುದಿಲ್ಲ. ಬರೀ ನೋಡುವುದಕ್ಕಾದರೆ ಅದರ ತಿರುಪುಗಳ ಗೋಜಲೇ ಬೇಡ. ಎರಡು ದೋಣಿಯಲ್ಲಿ ಕಾಲಿಟ್ಟ ಕಥೆ.

ಡಾಬ್ಸೋನಿಯನ್ ನೋಡಿದರೆ ನಗು ಬರುತ್ತದೆ. ಉದ್ದನೆಯ ಡ್ರಮ್ಮು, ಕೆಳಗೆ ಹಲಗೆಯ ಪೆಟ್ಟಿಗೆ. ಕೈಯಿಂದ ತಳ್ಳಿದರೆ ಆ ಕಡೆ ಈ ಕಡೆ, ಮೇಲೆ ಕೆಳಗೆ. ಮೋಟಾರು ಇಲ್ಲ, ಗೇರಿಲ್ಲ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ, ಅಂದರೆ ರಾಮಕೃಷ್ಣ ಪರಂಪರೆಯ ಆಶ್ರಮದಲ್ಲಿ, 23 ವರ್ಷ ಸಾಧುವಾಗಿದ್ದವರು. ಕೈಯಲ್ಲಿ ಕಾಸಿಲ್ಲ. ಹಡಗಿನ ಹಳೇ ಕಿಟಕಿ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆ, ಗುಜರಿ ಹಲಗೆ ಸೇರಿಸಿ ಟೆಲಿಸ್ಕೋಪು ಕಟ್ಟಿದರು, ಬೀದಿಯಲ್ಲಿ ಇಟ್ಟುಕೊಂಡು ಹೋಗುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸಿದರು. ಈ ಗೀಳಿನಿಂದಲೇ 1967ರಲ್ಲಿ ಆಶ್ರಮ ಬಿಡಬೇಕಾಯಿತು. ಅವರು ತೀರಿಕೊಂಡಿದ್ದು 2014ರಲ್ಲಿ. ಆ ಪೆಟ್ಟಿಗೆ ಸ್ಟ್ಯಾಂಡು ಈಗ ಪ್ರಪಂಚದಲ್ಲೆಲ್ಲ ಇದೆ.

ಅದು ಗೆಲ್ಲುವ ಕಾರಣ ಸರಳ. ಸ್ಟ್ಯಾಂಡಿಗೆ ದುಡ್ಡು ಹೋಗುವುದಿಲ್ಲ, ಎಲ್ಲವೂ ಕನ್ನಡಿಗೆ ಹೋಗುತ್ತದೆ. ಮೂವತ್ತು ಸಾವಿರದ ಆಸುಪಾಸಿಗೆ 6 ಇಂಚಿನ ಡಾಬ್ ಸಿಗುತ್ತದೆ. 70 ಮಿ.ಮೀ. ಟೆಲಿಸ್ಕೋಪಿಗಿಂತ ಇದು ನಾಲ್ಕೂವರೆ ಪಟ್ಟು ಬೆಳಕು ಹಿಡಿಯುತ್ತದೆ. 1200 ಮಿ.ಮೀ. ಫೋಕಲ್ ಲೆಂತಿಗೆ 25 ಮಿ.ಮೀ. ಫೋಕಲ್ ಲೆಂತಿನ ಐಪೀಸು ಹಾಕಿದರೆ 48 ಪಟ್ಟು, 10ರದ್ದು ಹಾಕಿದರೆ 120 ಪಟ್ಟು. ಭಾಗಾಕಾರ, ಅಷ್ಟೇ. ಶನಿ, ಗುರುವಿನ ಪಟ್ಟೆಗಳು, ಚಂದ್ರನ ಕುಳಿಗಳು, ಒಮೆಗಾ ಸೆಂಟೌರಿಯ ನಕ್ಷತ್ರದ ಉಂಡೆ, ಮಹಾವ್ಯಾಧನ ನೀಹಾರಿಕೆ ಎಲ್ಲ ಇದರಲ್ಲಿ ಆರಾಮಾಗಿ ಸಿಗುತ್ತವೆ.

ಆ 525 ಪಟ್ಟಿನ ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಒಂದು ಮಿಲಿಮೀಟರ್ ಅಪರ್ಚರಿಗೆ ಹೆಚ್ಚೆಂದರೆ ಎರಡು ಪಟ್ಟು, ಇದು ಎಲ್ಲರೂ ಒಪ್ಪುವ ಅಂದಾಜು. ತಮ್ಮ ಕಳಿಸಿದ್ದು 60 ಮಿ.ಮೀ.ದು. ಅದಕ್ಕೆ 120 ಪಟ್ಟೇ ಕೊನೆ. ಅದರಾಚೆ ಹೋದರೆ ಚಿತ್ರ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದ ಹಾಗೆ.

ಡಾಬ್‌ನ ಕಷ್ಟಗಳನ್ನೂ ಹೇಳಬೇಕು. ಒಟ್ಟು ತೂಕ ಹದಿನೈದು ಕೆಜಿ ಹತ್ತಿರ. ನನಗೆ ಎರಡು ಸಲ ಮೆಟ್ಟಿಲು ಹತ್ತಿ ಇಳಿಯುವ ಕೆಲಸ. 8 ಇಂಚು ಅಂದರೆ ಇಪ್ಪತ್ತು ದಾಟುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯವರು ಕೊಳ್ಳುವ ಮೊದಲು ಅಕ್ಕಿ ಮೂಟೆ ಎತ್ತಿ ನೋಡಲಿ. ಒಳಗಿನ ಕನ್ನಡಿಗಳನ್ನು ಆಗಾಗ ಒಂದೇ ನೇರಕ್ಕೆ ಸರಿಹೊಂದಿಸಿಕೊಳ್ಳಬೇಕು, ಅಭ್ಯಾಸ ಆದರೆ ಐದು ನಿಮಿಷ. ಇನ್ನು 120 ಪಟ್ಟಿನಲ್ಲಿ ಶನಿ ಒಂದೂವರೆ ನಿಮಿಷಕ್ಕೆಲ್ಲ ಅಂಚಿನಿಂದ ಅಂಚಿಗೆ ಜಾರಿ ಹೋಗುತ್ತದೆ. ತಳ್ಳುತ್ತಾ ಇರಬೇಕು. ಮನೆಗೆ ಬಂದ ನೆಂಟರಿಗೆ ತೋರಿಸುವಾಗ "ಏನೂ ಕಾಣ್ತಿಲ್ವಲ್ಲ" ಅನ್ನುವ ಮಾತು ಬರುವುದು ಇದರಿಂದಲೇ. ಅವರು ಚಪ್ಪಲಿ ಬಿಟ್ಟು, ಬಗ್ಗಿ, ಕಣ್ಣಿಡುವಷ್ಟರಲ್ಲಿ ಶನಿ ಹೊರಟುಹೋಗಿರುತ್ತದೆ.

ಶನಿಯ ವಿಷಯಕ್ಕೆ ಒಂದು ಮಾತು. 2025ರ ಮಾರ್ಚ್‌ನಲ್ಲಿ ಅದರ ಬಳೆಗಳು ನಮಗೆ ಅಂಚು ತಿರುಗಿಸಿದ್ದವು. ಆ ವರ್ಷ ನೋಡಿದವರಿಗೆ ಬಳೆಯ ಜಾಗದಲ್ಲಿ ಸೂಜಿಯಂಥ ಗೆರೆ. ಈಗ ವರ್ಷದಿಂದ ವರ್ಷಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತಿವೆ. ಹಳೇ ಫೋಟೋದ ಹಾಗೆ ಇಲ್ಲ ಅಂತ ಟೆಲಿಸ್ಕೋಪನ್ನು ಬೈಯಬೇಡಿ.

ಹಾಗಾದರೆ 70 ಮಿ.ಮೀ. ಯಾರಿಗೆ? ಹಾಸ್ಟೆಲ್‌ನಲ್ಲಿ ಇರುವವರಿಗೆ, ಬಸ್ಸಿನಲ್ಲಿ ಬೆನ್ನಿಗೆ ಹಾಕಿಕೊಂಡು ಹೋಗುವವರಿಗೆ. ಚಂದ್ರ ಮತ್ತು ಗ್ರಹ ಸಾಕು ಅನ್ನುವವರಿಗೆ ಅದು ಕೆಟ್ಟದ್ದೇನಲ್ಲ. ಐಪೀಸಿಗೆ ತಿರುಪಿ ಹಾಕುವ ಕಪ್ಪು ಸನ್ ಫಿಲ್ಟರ್ ಜೊತೆಗೆ ಬಂದಿದ್ದರೆ ಮಾತ್ರ ಅವತ್ತೇ ಒಡೆದು ಬಿಸಾಕಿ. ಬಿಸಿಲ ಬೆಳಕು ಅಲ್ಲಿ ಒಂದೇ ಕಡೆ ಸೇರುವುದರಿಂದ ಗಾಜು ಸೀಳುತ್ತದೆ. ಆಗ ಕಣ್ಣು ತೆಗೆಯುವಷ್ಟು ಸಮಯವೂ ಸಿಗುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕೊಡಗಿನ ಕುಟ್ಟ, ಮಂಗಳೂರು ಕಡೆ ಬಳೆಯ ಹಾಗೆ ಕಂಡಿತ್ತು. ನಮ್ಮೂರಲ್ಲಿ ಪಾರ್ಶ್ವ. ಅವತ್ತು ನಾವು ಬಳಸಿದ್ದು ಟ್ಯೂಬಿನ ಮುಂದಿನ ಬಾಯಿಗೇ ಕಟ್ಟುವ ಫಿಲ್ಟರ್ ಹಾಳೆ. ಅದೊಂದೇ ಸರಿ.

ಫೋಟೋ ಹುಚ್ಚು ಹತ್ತಿದ್ದರೆ

ಮರುದಿನ ತಮ್ಮ ಫೋನ್ ಮಾಡಿ "ಫೋಟೋ" ಅಂದ. ಊಹಿಸಿದ್ದೆ.

ಮೊದಲ ಮೆಟ್ಟಿಲು ಜೇಬಿನಲ್ಲೇ ಇದೆ. 2019ರಲ್ಲಿ ಗೂಗಲ್ ಪಿಕ್ಸೆಲ್ 4 ಫೋನಿನಲ್ಲಿ ನಕ್ಷತ್ರದ ಫೋಟೋಗೆ ಅಂತಲೇ ಒಂದು ಮೋಡ್ ಬಂತು. 16 ಸೆಕೆಂಡಿನ ತನಕದ 15 ಫೋಟೋ ತೆಗೆದು ತಾನೇ ಸೇರಿಸುತ್ತದೆ, ಒಟ್ಟು ನಾಲ್ಕು ನಿಮಿಷ. ಈಗ ಬೇರೆ ಕಂಪನಿಗಳ ಫೋನಿನಲ್ಲೂ ಇಂಥದ್ದು ಇದೆ, ಇಲ್ಲದಿದ್ದರೆ ಪ್ರೊ ಮೋಡ್ ಇದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬೆಳಗಿನ ಜಾವ ಪೂರ್ವದಲ್ಲಿ ಕಾಣಿಸಿಕೊಂಡಾಗ ನಾನು ತಾರಸಿಯ ಗೋಡೆ ಮೇಲೆ ಎರಡು ಇಟ್ಟಿಗೆಯ ಮಧ್ಯೆ ಫೋನ್ ಸಿಕ್ಕಿಸಿ ಮೂರು ಸೆಕೆಂಡಿನ ಫೋಟೋ ತೆಗೆದೆ. ಹಾಲಿನ ವ್ಯಾನು ಹೋಗುವ ಹೊತ್ತು. ಬಾಲ ಚೆನ್ನಾಗೇ ಬಂದಿದೆ. ಎಂಟುನೂರು ರೂಪಾಯಿಯ ಟ್ರೈಪಾಡು, ಎರಡು ಸೆಕೆಂಡಿನ ಟೈಮರ್. ಇದರಲ್ಲೇ ಎರಡು ತಿಂಗಳು ಕಳೆಯಿರಿ.

ಎರಡನೆಯದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅಂದರೆ ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ನನ್ನ ಓಟು ಇದಕ್ಕೇ. ಹತ್ತು ವರ್ಷ ಹಳೆಯ ಕ್ಯಾನನ್ ಅಥವಾ ನಿಕಾನ್ ಹದಿನೈದು ಸಾವಿರದ ಒಳಗೆ ಸಿಗುತ್ತದೆ. ಅದರ ಜೊತೆ 50 ಮಿ.ಮೀ. ಎಫ್/1.8 ಲೆನ್ಸು. ಆಕಾಶದ ಜೊತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಇಲ್ಲದೆ ಎಷ್ಟು ಹೊತ್ತು ಶಟರ್ ತೆರೆದಿಡಬಹುದು ಅಂತ ತಿಳಿಯಲು 500ರ ಲೆಕ್ಕ ಇದೆ. ಇಂಥ ಕ್ಯಾನನ್‌ನಲ್ಲಿ ಸೆನ್ಸರು ಚಿಕ್ಕದು, ಅದಕ್ಕೆ 50ನ್ನು 1.6ರಿಂದ ಗುಣಿಸಿ, 80. 500ನ್ನು 80ರಿಂದ ಭಾಗಿಸಿ, ಆರು ಸೆಕೆಂಡು. ಅದೂ ಉದಾರ ಲೆಕ್ಕವೇ. ನಾನು ನಾಲ್ಕಕ್ಕೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ನಕ್ಷತ್ರ ಜೀರಿಗೆ ಕಾಳಾಗುತ್ತದೆ.

ನನ್ನ ಮೊದಲ ಮಹಾವ್ಯಾಧ ಹೀಗೆ ಆಯಿತು. ಜನವರಿ, ರಾತ್ರಿ ಒಂಬತ್ತೂವರೆ. ಐಎಸ್‌ಒ 1600, ನಾಲ್ಕು ಸೆಕೆಂಡು, 250 ಫೋಟೋ. ನಡುವೆ ನಾಲ್ಕು ಸಲ ಎದ್ದು ಕ್ಯಾಮೆರಾ ಸರಿಸಿದೆ, ಯಾಕೆಂದರೆ ಆಕಾಶ ಗಂಟೆಗೆ 15 ಡಿಗ್ರಿ ಜರುಗುತ್ತದೆ. ಒಂದೊಂದು ಫೋಟೋ ಬಿಡಿಯಾಗಿ ನೋಡಿದರೆ ಕಿತ್ತಳೆ ಬಣ್ಣದ ಕೊಳೆ, ನಮ್ಮ ಬೀದಿ ದೀಪದ ಕೃಪೆ. ಎಲ್ಲವನ್ನೂ ಸಿರಿಲ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿ ಸೇರಿಸಿದೆ. ಫೋಟೋ ನೂರಾದರೆ ಗದ್ದಲ, ಅಂದರೆ ಚಿತ್ರದ ಮೇಲಿನ ಚುಕ್ಕೆ ಚುಕ್ಕೆ ಕೊಳೆ, ಹತ್ತು ಪಟ್ಟು ಇಳಿಯುತ್ತದೆ, ವರ್ಗಮೂಲದ ಲೆಕ್ಕ. ಹಳೇ ಲ್ಯಾಪ್‌ಟಾಪು ಎರಡು ಗಂಟೆ ಬುಸುಗುಟ್ಟಿತು. ಬೆಳಕಿನ ಹಿನ್ನೆಲೆ ತೆಗೆದು, ಹಿಸ್ಟೊಗ್ರಾಮ್ ಎಳೆದು ಮಸುಕು ಭಾಗ ಬೆಳಗಿಸಿದ ಕೂಡಲೇ ಬೇಟೆಗಾರನ ಸೊಂಟದ ಕತ್ತಿಯ ಜಾಗದಲ್ಲಿ ಗುಲಾಬಿ ಬಣ್ಣದ ರೆಕ್ಕೆ ಬಿಚ್ಚಿಕೊಂಡಿತು. ರಾತ್ರಿ ಎರಡು ಗಂಟೆಗೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಮಲಕ್ಕೋ" ಅಂದರು.

ಆ ಕೆಂಪು ಇನ್ನೂ ಗಾಢವಾಗಿ ಬರಬೇಕಿತ್ತು. ಹೈಡ್ರೋಜನ್ನಿನ 656 ನ್ಯಾನೋಮೀಟರ್ ಬೆಳಕಿನ ಹೆಚ್ಚಿನ ಪಾಲನ್ನು ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ತಡೆಯುತ್ತದೆ. ಆ ಫಿಲ್ಟರ್ ತೆಗೆಸಿದ ಕ್ಯಾಮೆರಾಗಳು ಸಿಗುತ್ತವೆ, ಆದರೆ ಮದುವೆ ಮನೆಯಲ್ಲಿ ಅದರಲ್ಲಿ ಫೋಟೋ ತೆಗೆದರೆ ಎಲ್ಲರೂ ಕೆಂಪಗೆ ಬರುತ್ತಾರೆ. ಮನೆಗೆಲ್ಲ ಒಂದೇ ಕ್ಯಾಮೆರಾ ಇದ್ದರೆ ಆ ಸಾಹಸ ಬೇಡ.

ಮೂರನೆಯದು ಟ್ರ್ಯಾಕರ್. ಟ್ರೈಪಾಡ್ ಮತ್ತು ಕ್ಯಾಮೆರಾ ನಡುವೆ ಕೂತು ಭೂಮಿಗೆ ಎದುರು ದಿಕ್ಕಿನಲ್ಲಿ ನಿಧಾನಕ್ಕೆ ತಿರುಗುವ ಮೋಟಾರು. ನಲವತ್ತು ಸಾವಿರದ ಆಚೀಚೆ. ನಾಲ್ಕು ಸೆಕೆಂಡು ಇದ್ದದ್ದು ಎರಡು ನಿಮಿಷ ಆಗುತ್ತದೆ. ಕೇಳಲು ಚೆಂದ, ಆದರೆ ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗೆ ಇರಬೇಕು. ವಿದೇಶದವರ ವಿಡಿಯೋಗಳಲ್ಲಿ ಧ್ರುವ ಆಕಾಶದ ನಡುಮಧ್ಯ ಇರುತ್ತದೆ. ನಮ್ಮಲ್ಲಿ? ಯಾವ ಊರಿನ ಅಕ್ಷಾಂಶ ಎಷ್ಟೋ ಧ್ರುವದ ಎತ್ತರವೂ ಅಷ್ಟೇ. ಬೆಂಗಳೂರು, ತುಮಕೂರಿಗೆ 13 ಡಿಗ್ರಿ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ 10 ಡಿಗ್ರಿ, ಅಂದರೆ ದಿಗಂತದಿಂದ ಒಂದೂಕಾಲು ಮುಷ್ಟಿ. ಬೀದರಿನವರಿಗೆ 18, ಅವರೇ ಪುಣ್ಯವಂತರು. ನಮ್ಮ ಮನೆಯ ಉತ್ತರಕ್ಕೆ ಪಕ್ಕದವರ ಮೂರಂತಸ್ತು, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು. ನಮ್ಮ ಪಾಲಿನ ಧ್ರುವ ಆ ಟ್ಯಾಂಕಿನ ಹಿಂದೆ ತಪಸ್ಸಿಗೆ ಕೂತಿದೆ. ಗೆಳತಿಯ ಟ್ರ್ಯಾಕರ್ ತಂದು ಫೋನಿನ ಕಂಪಾಸ್ ನಂಬಿ ದಿಕ್ಕು ಹಿಡಿದೆ. ಅಗಲ ಲೆನ್ಸಿಗೆ 30 ಸೆಕೆಂಡು ಸರಿ ಬಂತು, 200 ಮಿ.ಮೀ. ಹಾಕಿದ ಕೂಡಲೇ ಎಲ್ಲ ಗೆರೆ. ಟ್ರ್ಯಾಕರ್ ಕೊಳ್ಳುವ ಮೊದಲು ಒಂದು ರಾತ್ರಿ ತಾರಸಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ ಧ್ರುವ ಕಾಣುತ್ತದಾ ಅಂತ ನೋಡಿ. ಇದಕ್ಕೆ ಖರ್ಚಿಲ್ಲ.

ಅಂದಹಾಗೆ ಕೆಳಗಿನ ಅಕ್ಷಾಂಶದ ಲಾಭವೂ ನಮ್ಮದೇ. ಯೂರೋಪಿನವರು ದಿಗಂತದ ಮಂಜಿನಲ್ಲಿ ಹುಡುಕುವ ವೃಶ್ಚಿಕ ನಮಗೆ ಎತ್ತರದಲ್ಲಿ ಬಾಲ ಬೀಸುತ್ತದೆ. ಒಮೆಗಾ ಸೆಂಟೌರಿ ಸುಮಾರು 30 ಡಿಗ್ರಿ ಎತ್ತರಕ್ಕೆ ಏರುತ್ತದೆ.

ನಾಲ್ಕನೆಯದು ಸ್ಮಾರ್ಟ್ ಟೆಲಿಸ್ಕೋಪು. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಇದರಲ್ಲಿ ಹೆಸರುವಾಸಿ. 50 ಮಿ.ಮೀ. ಲೆನ್ಸು, ಎರಡೂವರೆ ಕೆಜಿ ತೂಕ, ಒಳಗೇ ಕ್ಯಾಮೆರಾ, ಕಂಪ್ಯೂಟರು, ಬ್ಯಾಟರಿ. ತಾರಸಿಯಲ್ಲಿಟ್ಟು ಫೋನಿನಲ್ಲಿ ಹೆಸರು ಒತ್ತಿದರೆ ತಾನೇ ಹುಡುಕಿ, ತಾನೇ ಹಿಂಬಾಲಿಸಿ, ತಾನೇ ಫೋಟೋ ಸೇರಿಸುತ್ತದೆ. ಇದರ ತಮ್ಮ ಎಸ್30 ಇನ್ನೂ ಚಿಕ್ಕದು. ನಮ್ಮಲ್ಲಿ ತೆರಿಗೆ ಎಲ್ಲ ಸೇರಿ ಅರ್ಧ ಲಕ್ಷದ ಆಚೀಚೆ. ಕಣ್ಣಿಡಲು ಐಪೀಸೇ ಇಲ್ಲ, ಇದನ್ನು ಗಮನಿಸಿ. ಗ್ರಹಗಳಿಗೂ ಇದು ಆಗಿಬರುವುದಿಲ್ಲ. ಫೋಕಲ್ ಲೆಂತ್ 250 ಮಿ.ಮೀ. ಮಾತ್ರ, ಗುರು ಒಂದು ಬಟಾಣಿಯಷ್ಟೂ ಬರುವುದಿಲ್ಲ.

ಇದು ಮೋಸ, ಕಲಿಯುವುದೇನಿದೆ ಅಂತ ಹಳಬರು ಗೊಣಗುತ್ತಾರೆ. ನಾನೂ ಗೊಣಗುತ್ತಿದ್ದೆ. ಆದರೆ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಮ್ಮ ವಿಜ್ಞಾನಿಗಳು ಎಲ್ಲಿಂದ ಓಡಿಸುತ್ತಾರೆ ಗೊತ್ತಾ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ಅವರು ಚಳಿಯಲ್ಲಿ ನಿಂತು ಕಣ್ಣಿಡುವುದಿಲ್ಲ. ಇನ್ನೊಂದು, ಇದು ಹುಡುಗಿಯರಿಗೆ ಚೆನ್ನಾಗಿ ಅರ್ಥ ಆಗುತ್ತದೆ. ಕತ್ತಲ ಜಾಗಕ್ಕೆ ರಾತ್ರಿ ಒಬ್ಬಳೇ ಹೋಗುವ ಹಾಗಿಲ್ಲ. ಊರೊಳಗಿನ ತಾರಸಿಯೇ ಗತಿ ಅನ್ನುವವರಿಗೆ ಹತ್ತು ನಿಮಿಷದಲ್ಲಿ ಇಟ್ಟು ಕೆಳಗೆ ಬಂದು ಓದಿಕೊಳ್ಳಬಹುದಾದ ಸಾಧನ ಸಣ್ಣ ವಿಷಯ ಅಲ್ಲ. ದುಡ್ಡಿದ್ದು, ಸಾಫ್ಟ್‌ವೇರ್ ಜಂಜಾಟ ಬೇಡ ಅಂದರೆ ತೆಗೆದುಕೊಳ್ಳಿ, ನಾನೇನೂ ಅನ್ನಲ್ಲ.

ಡಾಬ್‌ಗೆ ಕ್ಯಾಮೆರಾ ಸಿಕ್ಕಿಸಿದರೆ ಆಗಲ್ವಾ ಅಂತ ಕೇಳುವಿರಿ. ಚಂದ್ರನಿಗೆ ಆಗುತ್ತದೆ. 1200 ಮಿ.ಮೀ.ಗೆ ಚಂದ್ರ ಸೆನ್ಸರಿನ ಮೇಲೆ 11 ಮಿ.ಮೀ. ಅಗಲ ಬೀಳುತ್ತಾನೆ, ಚೆನ್ನಾಗಿ ತುಂಬುತ್ತದೆ. ಆದರೆ ಹಲವು ಡಾಬ್‌ಗಳಲ್ಲಿ ಡಿಎಸ್‌ಎಲ್‌ಆರ್ ಹಾಕಿದರೆ ಫೋಕಸ್ಸೇ ಆಗುವುದಿಲ್ಲ, ಕ್ಯಾಮೆರಾ ಇನ್ನಷ್ಟು ಒಳಗೆ ಹೋಗಬೇಕಾಗುತ್ತದೆ. ಅದಕ್ಕಿಂತ ಐಪೀಸಿಗೆ ಫೋನ್ ಹಿಡಿಯುವ ಸಾವಿರ ರೂಪಾಯಿಯ ಹೋಲ್ಡರ್ ಸಾಕು. ಗ್ರಹಕ್ಕೆ ಫೋಟೋ ಬೇಡ, ವಿಡಿಯೋ ತೆಗೆದು ಆಟೋಸ್ಟಾಕರ್ಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಚೆನ್ನಾಗಿರುವ ಫ್ರೇಮುಗಳನ್ನಷ್ಟೇ ಸೇರಿಸಿ. ನೀಹಾರಿಕೆಯ ಆಸೆಯನ್ನು ಡಾಬ್‌ನಲ್ಲಿ ಬಿಟ್ಟುಬಿಡಿ. ಅದಕ್ಕೆ ತಕ್ಕ ಇಕ್ವಿಟೋರಿಯಲ್ ಸ್ಟ್ಯಾಂಡಿಗೇ ಲಕ್ಷ ದಾಟುತ್ತದೆ.

ದುಡ್ಡು ಕೊಟ್ಟರೂ ಸಿಗದ್ದು

ಕತ್ತಲೆ. ಬಾರ್ಟಲ್ ಮಾಪನದಲ್ಲಿ 1 ಅಂದರೆ ಅಪ್ಪಟ ಕತ್ತಲೆ, 9 ಅಂದರೆ ಊರ ನಡುವಿನ ಬೆಳಕು. ಬೆಂಗಳೂರಿನ ಮಧ್ಯಭಾಗ 8-9. ಅಲ್ಲಿಂದ 4ರ ಆಕಾಶಕ್ಕೆ ಹೋದರೆ ಸಾವಿರ ರೂಪಾಯಿಯ ಬಸ್ ಖರ್ಚಿನಲ್ಲಿ ನಿಮ್ಮ ಬೈನಾಕ್ಯುಲರ್ ತೋರಿಸುವುದು ಊರೊಳಗಿನ 8 ಇಂಚಿನ ಡಾಬ್ ತೋರಿಸುವುದಕ್ಕಿಂತ ಜಾಸ್ತಿ, ಹಾಲುಹಾದಿ, ದೊಡ್ಡ ನೀಹಾರಿಕೆಯಂಥ ಹರಡಿದ ಮಸುಕಿನ ಮಟ್ಟಿಗೆ. ಅಜ್ಜಿ ಮನೆ ಹಳ್ಳಿಯಲ್ಲಿದ್ದರೆ ನೀವೇ ಶ್ರೀಮಂತರು. ಅಮಾವಾಸ್ಯೆ ನೋಡಿಕೊಂಡು ಹೋಗಿ. "ಅಮಾಸೆ ರಾತ್ರಿ ಹೊರಗೆ ನಿಲ್ಬೇಡ" ಅಂತ ಬೈಸಿಕೊಳ್ಳುವುದಂತೂ ಖಾತ್ರಿ.

ಕೊಳ್ಳುವ ಮೊದಲು ಒಮ್ಮೆ ಬೇರೆಯವರ ಟೆಲಿಸ್ಕೋಪಿನಲ್ಲಿ ಕಣ್ಣಿಡಿ. ಬೆಂಗಳೂರಿನಲ್ಲಿ ನೆಹರು ತಾರಾಲಯ ಇದೆ, ಹವ್ಯಾಸಿಗಳ ಸಂಘಗಳಿವೆ. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ. ಮಂಗಳೂರಿನವರಿಗೆ ಪಿಲಿಕುಳ. ಗಂಟೆಗಟ್ಟಲೆ ವಿಡಿಯೋ ನೋಡಿದರೆ ಗೊತ್ತಾಗದ್ದು ಐದು ನಿಮಿಷದಲ್ಲಿ ಅಲ್ಲಿ ಗೊತ್ತಾಗುತ್ತದೆ.

ಕರಾವಳಿ, ಮಲೆನಾಡಿನವರು ಇನ್ನೊಂದು ಬಾಬ್ತು ಸೇರಿಸಿಕೊಳ್ಳಿ: ಫಂಗಸ್. ಒಂದು ಮಳೆಗಾಲ ಬೀರುವಿನಲ್ಲಿ ಇಟ್ಟರೆ ಲೆನ್ಸಿನೊಳಗೆ ಜೇಡರ ಬಲೆ ಹಬ್ಬುತ್ತದೆ. ಅಡುಗೆ ಮನೆಯ ಗಾಳಿಯಾಡದ ದೊಡ್ಡ ಡಬ್ಬ, ಅದರೊಳಗೆ ಸಿಲಿಕಾ ಜೆಲ್. ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಮೂವತ್ತು ಸಾವಿರಕ್ಕೆ ನನ್ನ ಹಂಚಿಕೆ ಇದು. ನೋಡುವವರಿಗೆ 6 ಇಂಚಿನ ಡಾಬ್. ಅಷ್ಟು ಭಾರ ಬೇಡ ಅಂದರೆ ಬೈನಾಕ್ಯುಲರ್, ಉಳಿದದ್ದು ಬ್ಯಾಂಕಿನಲ್ಲಿರಲಿ. ಫೋಟೋದವರಿಗೆ ಹಳೇ ಡಿಎಸ್‌ಎಲ್‌ಆರ್, 50 ಮಿ.ಮೀ. ಲೆನ್ಸು, ಮೂರು ಸಾವಿರದ ಗಟ್ಟಿ ಟ್ರೈಪಾಡು, ಮಿಕ್ಕ ದುಡ್ಡಿಗೆ ಬೈನಾಕ್ಯುಲರ್. 250 ಫೋಟೋ ಆಗುವ ತನಕ ಸುಮ್ನೆ ಕೂತು ಏನು ಮಾಡುತ್ತೀರಿ? ಅದಕ್ಕೇ.

ಯಾವಾಗ ಕೊಳ್ಳಬೇಕು ಅನ್ನುವುದನ್ನೂ ಹೇಳಿದ್ದೆ: ದೀಪಾವಳಿ ಹೊತ್ತಿಗೆ. ನವೆಂಬರ್‌ನಿಂದ ಮಾರ್ಚ್ ನಮ್ಮ ಸುಗ್ಗಿ. ಹಾಲುಹಾದಿಯ ನಡುಭಾಗ ಬೇಕಿದ್ದರೆ ಮಾರ್ಚ್‌ನಿಂದ ಮೇ, ಬೆಳಗಿನ ಜಾವದಿಂದ ಶುರುವಾಗಿ ತಿಂಗಳು ತಿಂಗಳು ಬೇಗ ಏಳುತ್ತದೆ. ಜೂನ್ ಬಂತು ಅಂದರೆ ಮುಗಿಯಿತು. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ಹೆಸರು ಹಿಡಿದು ಕರೆಯುತ್ತೇವಲ್ಲ, ಆಗ ಆ ನಕ್ಷತ್ರಗಳು ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಸೂರ್ಯ ಅವುಗಳ ಹತ್ತಿರ ಇರುತ್ತಾನೆ, ಮಳೆಗೆ ಆ ಹೆಸರು ಬಂದಿರುವುದೇ ಅದಕ್ಕೆ.

ಇಷ್ಟೆಲ್ಲ ಕೇಳಿ, ಹೂಂ ಅಂದು, ಫೋಟೋನೇ ಅಂದಿದ್ದ ನಮ್ಮ ತಮ್ಮ ಜೂನ್ ಎರಡನೇ ವಾರ 6 ಇಂಚಿನ ಡಾಬ್ ತರಿಸಿದ. ಸೇಲ್ ಇತ್ತಂತೆ. ಚಿಕ್ಕಮ್ಮ ಫೋನ್ ಮಾಡಿದ್ದರು: "ನೀರು ಕಾಯಿಸೋ ಬಾಯ್ಲರ್ ಥರ ಏನೋ ಬಂದಿದೆ ಕಣೆ, ಮಂಚದ ಕೆಳಗೂ ಹಿಡಿಸ್ತಿಲ್ಲ." ಮೂರು ವಾರದಿಂದ ಅಲ್ಲಿ ಒಂದೇ ಸಮ ಮಳೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅವನ ಮೆಸೇಜು, ಮೋಡ ಸರಿದು ಹತ್ತು ನಿಮಿಷ ಚಂದ್ರ ಸಿಕ್ಕಿದನಂತೆ. ಜೊತೆಗೆ ಐಪೀಸಿಗೆ ಫೋನ್ ಒತ್ತಿ ತೆಗೆದ ಒಂದು ಫೋಟೋ, ಅರ್ಧ ಚಂದ್ರ, ಅರ್ಧ ಅವನ ಹೆಬ್ಬೆರಳು.